ಜೀಪಣ್ಣ

ಸಕಲೇಶಪುರದಿಂದ ಮೂಡಿಗೆರೆ ಕಡೆಗೆ ಯಾವ ತೋಟದ ದಾರಿ ಹಿಡಿದರೂ ಒಬ್ಬ ಜೀಪಣ್ಣ ಸಿಕ್ಕೇ ಸಿಗುತ್ತಾನೆ. ಜೀಪು ಇಟ್ಟುಕೊಂಡವರೆಲ್ಲ ಜೀಪಣ್ಣಂದಿರಲ್ಲ. ಜೀಪಿನ ಮೇಲೆ ಕೂತವನು ಬರೀ ಮಾಲೀಕ. ಜೀಪಿನ ಕೆಳಗೆ ಮಲಗಿದವನು ಜೀಪಣ್ಣ. ಊರಿನವರಿಗೆ ಅವನ ಮುಖಕ್ಕಿಂತ ಪಾದಗಳ ಪರಿಚಯ ಜಾಸ್ತಿ. ಪೋಸ್ಟಿನವನು ರಿಜಿಸ್ಟರ್ಡ್ ಕಾಗದ ಬಂದಿದೆ ಎಂದು ಹೇಳುವುದು, ಆಳುಗಳು ಮುಂಗಡ ಕೇಳುವುದು, ಬೀಗರು ಕುಶಲ ವಿಚಾರಿಸುವುದು, ಎಲ್ಲವೂ ಶೆಡ್ಡಿನ ನೆಲದ ಮೇಲೆ ಚಾಚಿಕೊಂಡ ಆ ಎರಡು ಪಾದಗಳನ್ನು ಉದ್ದೇಶಿಸಿಯೇ. ಒಳಗಿನಿಂದ ಎಲ್ಲರಿಗೂ ಒಂದೇ ಉತ್ತರ: "ಆ ಹನ್ನೆರಡು-ಹದಿಮೂರರ ಪಾನಾ ಸ್ವಲ್ಪ ಇತ್ತ ಕೊಡು ಮಾರಾಯ." ಬೀಗರಾದರೆ ಮಾತ್ರ "ಕೊಡಿ ಮಾರಾಯ್ರೆ."

ನಮ್ಮ ಜೀಪಣ್ಣನದು ಎಂಎಂ 540. ಅದರ ವಂಶಾವಳಿಯನ್ನು ಅವನ ಬಾಯಿಂದ ಕೇಳಬೇಕಾದರೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗಬೇಕು. ಕಥೆ ಎರಡನೇ ಮಹಾಯುದ್ಧದಿಂದ ಶುರುವಾಗುತ್ತದೆ. ಅಮೆರಿಕದ ಸೈನ್ಯಕ್ಕೆಂದು ಹುಟ್ಟಿದ ವಿಲ್ಲಿಸ್, ಅದನ್ನು 1940ರ ದಶಕದ ಕೊನೆಗೆ ಮುಂಬೈಯಲ್ಲಿ ಜೋಡಿಸತೊಡಗಿದ ಮಹೀಂದ್ರಾ, 1980ರ ದಶಕದಲ್ಲಿ ಪ್ಯೂಜೋ ವಿನ್ಯಾಸದ 2.1 ಲೀಟರ್ ಡೀಸೆಲ್ ಎಂಜಿನ್ ಹೊತ್ತುಕೊಂಡು ಬಂದ ಈ ಮಾಡೆಲ್ಲು. ಇಷ್ಟು ಹೊತ್ತಿಗೆ ಕಾಫಿ ಎರಡು ಸಲ ಬಂದುಹೋಗಿರುತ್ತದೆ. "ಇದು ಪಕ್ಕಾ ಒರಿಜಿನಲ್ ಗಾಡಿ, ತಿಳ್ಕೊ" ಎಂಬಲ್ಲಿಗೆ ಪುರಾಣ ಮಂಗಳ. ಅದರ ಬಾಡಿ ಜೀಪಿನ ತಗಡು ಕೆಲಸಕ್ಕೆ ಹೆಸರಾದ ಮಂಡಿ ಡಬ್ವಾಲಿಯಿಂದ ಲಾರಿ ಹತ್ತಿ ಬಂದದ್ದು. ಸೀಟುಗಳು ಯಾವುದೋ ಪಲ್ಟಿ ಹೊಡೆದ ಕಾರಿನವು. ಗೇರ್‌ಬಾಕ್ಸ್ ಬೇರೆ ಜೀಪಿನದು, ಸ್ಟೀರಿಂಗ್ ಬಾಕ್ಸ್ ಬೇರೆ ಕುಲದ್ದು, ಹಾರನ್ ಲಾರಿಯದು. ಒರಿಜಿನಲ್ ಆಗಿ ಉಳಿದಿರುವುದು ಚಾಸಿಸ್ ನಂಬರು ಮತ್ತು ಜೀಪಣ್ಣನ ನಂಬಿಕೆ.

ಈ ಸ್ಥಿತಿಗೆ ಜೀಪು ಬಂದದ್ದು ಒಂದೇ ದಿನದಲ್ಲಲ್ಲ. ಎಲ್ಲದಕ್ಕೂ ಮೂಲ ಟೈರು. 2024ರಲ್ಲಿ ರೊಬಸ್ಟಾ ಚೆರಿ ಐವತ್ತು ಕೆಜಿ ಮೂಟೆಗೆ ಹತ್ತು ಸಾವಿರ ದಾಟಿತಲ್ಲ, ಆಗ ತೋಟದವರು ಮನೆಗೆ ಬಣ್ಣ ಹೊಡೆಸಿದರು, ಕೆಲವರು ದುಬೈ ನೋಡಿ ಬಂದರು. ಜೀಪಣ್ಣ 31 ಇಂಚಿನ ಮಡ್ ಟೈರ್ ತರಿಸಿದ. ಕಂಪೆನಿ ಕೊಟ್ಟಿದ್ದು 6.00-16, ಸಣಕಲು ಟೈರು; ಅದರಲ್ಲಿ ಅವನ ಅಪ್ಪ ಮೂವತ್ತು ಮಳೆಗಾಲ ಕಳೆದಿದ್ದರು. ಅದನ್ನು ನೆನಪಿಸಿದರೆ "ಆಗಿನ ಕೆಸರೇ ಬೇರೆ" ಅನ್ನುತ್ತಾನೆ.

ಹೊಸ ಟೈರು ಹಾಕಿ ಸ್ಟೀರಿಂಗ್ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜಿತು. ಅದಕ್ಕೆ ಜೀಪು ಎತ್ತರಿಸಬೇಕಾಯಿತು. ಕಮಾನ್ ಪಟ್ಟಿಗೆ ಇನ್ನೊಂದು ಎಲೆ ಸೇರಿಸಿ, ಉದ್ದದ ಶ್ಯಾಕಲ್ ಹಾಕಿದ. ಜೀಪು ಎತ್ತರವಾದದ್ದೇ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಟ್ಟಿತು. ಮೂವತ್ತರ ಸ್ಪೀಡಿಗೇ ಗಾಡಿ ನಡುಗತೊಡಗಿ ಶಾಫ್ಟಿನ ಕ್ರಾಸುಗಳು ಒಂದೊಂದಾಗಿ ಪ್ರಾಣ ಬಿಟ್ಟವು. ಕೋನ ಸರಿಪಡಿಸಲು ಆಕ್ಸಲಿಗೂ ಪಟ್ಟಿಗೂ ನಡುವೆ ಬೆಣೆ ಕೊಟ್ಟ. ಅಷ್ಟರಲ್ಲಿ ಬ್ರೇಕಿನ ಹೋಸು ಗಿಡ್ಡವಾಗಿ ಎಳೆಯುತ್ತಿತ್ತು. ಹೋಸು ಬದಲಾಯಿತು, ಬ್ರೇಕು ಮಾತ್ರ ಹಿಡಿಯಲಿಲ್ಲ. ದೊಡ್ಡ ಚಕ್ರ ನಿಲ್ಲಿಸುವ ಶಕ್ತಿ ಹಳೇ ಡ್ರಮ್ಮಿಗೆ ಎಲ್ಲಿಂದ ಬರಬೇಕು? ಡಿಸ್ಕ್ ಬ್ರೇಕು, ಬೂಸ್ಟರು. ಅಗಲ ಟೈರಿಗೆ ಸ್ಟೀರಿಂಗ್ ಬಂಡೆಯಾಯಿತು, ಪವರ್ ಸ್ಟೀರಿಂಗ್. ಅದರ ಪಂಪು ಕೂರಿಸಲು ಎಂಜಿನ್ನಿನಲ್ಲಿ ಜಾಗವಿಲ್ಲ. ಹಾಸನದ ಲೇತಿನಲ್ಲಿ ಬ್ರ್ಯಾಕೆಟ್. ದೊಡ್ಡ ಚಕ್ರದಿಂದಾಗಿ ಗಾಡಿ ಏರು ಹತ್ತದೆ ಏದುಸಿರು ಬಿಟ್ಟಿತು. ಡೀಸೆಲ್ ಪಂಪಿನ ಸ್ಕ್ರೂ ಅರ್ಧ ಸುತ್ತು ತಿರುವಿದ. ಕಪ್ಪು ಹೊಗೆ ಎದ್ದು ಹಿಂದೆ ಬರುತ್ತಿದ್ದ ಮಿನಿ ಬಸ್ಸು ನಿಂತೇ ಹೋಯಿತು. ಎಂಜಿನ್ ಕಾಯತೊಡಗಿತು, ದೊಡ್ಡ ರೇಡಿಯೇಟರ್. ದೊಡ್ಡ ರೇಡಿಯೇಟರಿಗೆ ಫ್ಯಾನ್ ತಾಗಿತು.

ಈಗ ಅವನ ಸ್ಪೀಡೋಮೀಟರ್ 40 ತೋರಿಸಿದರೆ ಗಾಡಿಯ ನಿಜವಾದ ವೇಗ 43-44 ಇರುತ್ತದಂತೆ. ಲೆಕ್ಕ ಸರಿಯಾದದ್ದೇ. ಆದರೆ ಮುಳ್ಳು 40 ಮುಟ್ಟಿದ್ದನ್ನು ಕಂಡ ಸಾಕ್ಷಿಗಳಿಲ್ಲ. ಇಷ್ಟೆಲ್ಲ ಆದ ಮೇಲೆ ಜೀಪು ಹೋಗುವುದು ಹಳೇ ಟೈರಿನಲ್ಲಿ ಎಲ್ಲಿಗೆ ಹೋಗುತ್ತಿತ್ತೋ ಅಲ್ಲಿಗೇ: ಕೆರೆ ದಂಡೆಯ ಪಂಪ್‌ಹೌಸಿಗೆ.

ಬಿಡಿಭಾಗಗಳ ವಿಷಯದಲ್ಲಿ ಜೀಪಣ್ಣ ರತ್ನಪಡಿ ವ್ಯಾಪಾರಿ. ಬೆಂಗಳೂರಿಗೆ ಮಗಳ ಮನೆಗೆ ಹೋಗುತ್ತೇನೆಂದು ಹೊರಡುತ್ತಾನೆ. ಬಸ್ಸಿಳಿದವನ ಕಾಲು ತಾನಾಗಿ ಜೆ.ಸಿ. ರಸ್ತೆಗೆ ತಿರುಗುತ್ತದೆ. ಅಲ್ಲಿನ ಸ್ಪೇರ್ ಅಂಗಡಿಗಳಲ್ಲಿ ಅವನ ದೃಷ್ಟಿಗೆ ಮಾಲಿನಲ್ಲಿ ಐದು ವರ್ಣಗಳಿವೆ: ಕಂಪೆನಿ ಒರಿಜಿನಲ್, ಕಂಪೆನಿಗೆ ಸಪ್ಲೈ ಮಾಡುವವರದೇ ಆದರೆ ಬೇರೆ ಡಬ್ಬಿಯದು, ಒಳ್ಳೇ ಡೂಪ್ಲಿಕೇಟ್, ಬರೀ ಡೂಪ್ಲಿಕೇಟ್, ಮತ್ತು ಡೂಪ್ಲಿಕೇಟಿನ ಡೂಪ್ಲಿಕೇಟ್. ಡಬ್ಬಿಯ ಮೇಲಿನ ಹೊಲೊಗ್ರಾಮನ್ನು ಅವನು ನಂಬುವುದಿಲ್ಲ. "ಮಾಲು ಮಾಡಕ್ಕೆ ಬರದವನಿಗೂ ಸ್ಟಿಕ್ಕರ್ ಮಾಡಕ್ಕೆ ಬರುತ್ತೆ" ಅನ್ನುತ್ತಾನೆ. ಬೇರಿಂಗನ್ನು ಅಂಗೈಯಲ್ಲಿಟ್ಟು ತೂಗುತ್ತಾನೆ, ಕಿವಿಗೆ ಹಿಡಿದು ಬೆರಳಲ್ಲಿ ತಿರುಗಿಸಿ ಕಣ್ಣು ಮುಚ್ಚುತ್ತಾನೆ. ಆಯಿಲ್ ಸೀಲನ್ನು ಬಗ್ಗಿಸಿ, ಮೂಸಿ, ಅದರ ತುಟಿಯ ಮೇಲೆ ಉಗುರು ಆಡಿಸುತ್ತಾನೆ. ಅಷ್ಟು ಹೊತ್ತಿಗೆ ಕೌಂಟರಿನ ಹುಡುಗ ಬೇರೆ ನಾಲ್ಕು ಗಿರಾಕಿಗಳನ್ನು ಕಳಿಸಿರುತ್ತಾನೆ.

ಅವನಿಗೆ ಪರಮಾನಂದವಾಗುವುದು 'ಓಲ್ಡ್ ಸ್ಟಾಕ್' ಸಿಕ್ಕಾಗ. ಅಟ್ಟದ ಧೂಳಿನಿಂದ ಇಳಿದ ಒಂದು ಪೊಟ್ಟಣ. ಹಳದಿಗಟ್ಟಿದ ಮೇಣದ ಕಾಗದ. ಬಿಚ್ಚುತ್ತಿದ್ದಂತೆ ಗಟ್ಟಿಯಾದ ಗ್ರೀಸಿನ ಕೆಳಗೆ ಹೊಳೆಯುವ ಕ್ರೌನ್ ಪಿನಿಯನ್. ಬೆಲೆ ಚೌಕಾಸಿ ಮಾಡುವುದನ್ನೇ ಮರೆಯುತ್ತಾನೆ. ಇಂಥದ್ದನ್ನು ಜೀಪಿಗೆ ಹಾಕುವುದುಂಟೇ? ಅದು ಹೋಗುವುದು ನೇರ ಗೋದ್ರೆಜ್ ಬೀರುವಿಗೆ. ಹೋದ ಸಲ ಅಕ್ಕ, ಅಂದರೆ ಜೀಪಣ್ಣನ ಹೆಂಡತಿ, ತಂಗಿಯ ಮಗನ ಮದುವೆಗೆ ಧಾರೆ ಸೀರೆ ಉಟ್ಟು ಬಂದಾಗ ಮಲ್ಲಿಗೆಯ ಜೊತೆ ಗೇರ್ ಆಯಿಲಿನ ಪರಿಮಳವೂ ಬಂತೆಂದು ಛತ್ರದಲ್ಲಿ ಮಾತಾಡಿಕೊಂಡರು.

ಹಾಗೆಂದು ಜೀಪಣ್ಣನಿಗೆ ವಿದ್ಯೆ ಇಲ್ಲವೆನ್ನುವ ಹಾಗಿಲ್ಲ. ಬೆಳ್ಳಂಬೆಳಿಗ್ಗೆ ಯಾರದೋ ಪಿಕಪ್ಪು ಸ್ಟಾರ್ಟ್ ಆಗದಿದ್ದರೆ ಮೊದಲ ಫೋನು ಅವನಿಗೆ. ಹಾಸಿಗೆಯಲ್ಲಿ ಮಲಗಿಕೊಂಡೇ "ಫೋನನ್ನು ಬಾನೆಟ್ ಹತ್ರ ಹಿಡಿ, ಸೆಲ್ಫ್ ಹೊಡಿ" ಅನ್ನುತ್ತಾನೆ. ಎರಡು ಸಲ ಕೇಳಿ, "ಡೀಸೆಲ್ ಲೈನಲ್ಲಿ ಏರ್ ಹಿಡಿದಿದೆ. ಫಿಲ್ಟರ್ ಮೇಲಿನ ಬೋಲ್ಟ್ ಸಡ್ಲ ಮಾಡು. ಪೂರ್ತಿ ಬಿಚ್ಚಬೇಡ, ಸಡ್ಲ. ಕೈಪಂಪು ಒತ್ತು. ನೊರೆ ಬರ್ತಿದ್ಯಾ? ಒತ್ತು. ಇನ್ನೂ ನೊರೆ? ಒತ್ತು. ಈಗ ನೊರೆ ನಿಂತು ಬರೀ ಎಣ್ಣೆ ಬಂತಾ? ಒತ್ತಿ ಹಿಡ್ಕೊಂಡೇ ಬೋಲ್ಟ್ ಬಿಗಿ. ಈಗ ಹೊಡಿ." ಅತ್ತ ಎಂಜಿನ್ ಗುಡುಗಿದ್ದು ಕೇಳಿಸಿದ ಮೇಲೆ ಮಗ್ಗುಲು ಬದಲಿಸುತ್ತಾನೆ. ಊರಿನ ಯಾವ ಗಾಡಿಯ ಕಾಯಿಲೆಯನ್ನಾದರೂ ಹೀಗೆ ನಿಮಿಷದಲ್ಲಿ ಹೇಳುವವನು ತನ್ನ ಜೀಪಿನದನ್ನು ಮಾತ್ರ ಹೇಳಲಾರ. ಬೇರೆಯವರ ಗಾಡಿಗೆ ಇರುವುದು ಒಂದು ಕಾಯಿಲೆ. ಅವನದಕ್ಕೆ ಇರುವುದು ಚಿಕಿತ್ಸೆಗಳು.

ಪಕ್ಕದ ಎಸ್ಟೇಟಿನಲ್ಲಿ ರೆಸಾರ್ಟ್ ಆದ ಮೇಲೆ ಅವನ ಕೀರ್ತಿ ಎಟಿವಿಗಳಿಗೂ ಹಬ್ಬಿದೆ. ಬೆಂಗಳೂರಿನ ಪ್ರವಾಸಿಗರು ಹತ್ತಿ ಕೂಗಾಡುವ ಆ ದಪ್ಪ ಚಕ್ರದ ಚೀನಾ ಯಂತ್ರಗಳನ್ನು ರಸ್ತೆಗೆ ರಿಜಿಸ್ಟರ್ ಮಾಡುವಂತಿಲ್ಲ, ಊರಲ್ಲಿ ಸ್ಪೇರೂ ಇಲ್ಲ. ಕೆಟ್ಟರೆ ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ಜೀಪಣ್ಣನ ಶೆಡ್ಡಿಗೆ ಬರುತ್ತವೆ. ಅವನು ಮೊದಲು ಒಮ್ಮೆ ಸುತ್ತು ಬರುತ್ತಾನೆ, ತಲೆಯಾಡಿಸುತ್ತಾನೆ, ಆಮೇಲೆ ಬೈಕಿನ ಕಾರ್ಬ್ಯುರೇಟರು, ಆಟೋರಿಕ್ಷಾದ ಕೇಬಲ್ಲು, ಸ್ಪ್ರೇಯರಿನ ಪೆಟ್ರೋಲ್ ಪೈಪು ಹಾಕಿ ಸಂಜೆಗೆ ಓಡಿಸಿಬಿಡುತ್ತಾನೆ. ಮ್ಯಾನೇಜರ್ ಕೂಲಿ ಎಷ್ಟೆಂದು ಕೇಳಿದರೆ ದುಡ್ಡು ಬೇಡ, ಸತ್ತ ಎಟಿವಿಯೊಂದರ ಶಾಕ್ ಅಬ್ಸಾರ್ಬರು ಕೊಡಿ ಅನ್ನುತ್ತಾನೆ. ಅದು ಜೀಪಿಗೆ ಎಲ್ಲಿ ಕೂರುತ್ತದೆ ಎಂದು ಕೇಳಬಾರದು. ಕೂರಿಸುತ್ತಾನೆ.

ಜೀಪಣ್ಣಂದಿರು ಪ್ರಪಂಚದಲ್ಲಿ ಹೆದರುವುದು ಒಂದಕ್ಕೆ: ಎಫ್‌ಸಿ. ಹದಿನೈದು ವರ್ಷ ದಾಟಿದ ಗಾಡಿಯನ್ನು ಐದೈದು ವರ್ಷಕ್ಕೊಮ್ಮೆ ತೋರಿಸಿ ಆರ್‌ಸಿ ನವೀಕರಿಸಬೇಕು. ಕಂಪೆನಿ ಮಾಡಿದ ರೂಪವನ್ನು ಬದಲಿಸಬಾರದೆನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಒತ್ತಿ ಹೇಳಿದೆ. ಕಾನೂನಿಗೆ ತಲೆಬಾಗುವವನೇ ನಮ್ಮ ಜೀಪಣ್ಣ, ಒಂದು ದಿನದ ಮಟ್ಟಿಗೆ. ಹೋಬಳಿಯ ಜೀಪಣ್ಣಂದಿರೆಲ್ಲ ಸೇರಿ 6.00-16ರ ಒಂದು ಸೆಟ್ ಚಕ್ರ ಜೋಪಾನ ಮಾಡಿದ್ದಾರೆ. ಮದುವೆಗೆ ಒಡವೆ ಎರವಲು ಕೊಟ್ಟ ಹಾಗೆ ಅದು ಎಫ್‌ಸಿ ಇರುವವರ ಮನೆಯಿಂದ ಮನೆಗೆ ತಿರುಗುತ್ತದೆ. ಹಿಂದಿನ ವಾರವೆಲ್ಲ ಶೆಡ್ಡಿನಲ್ಲಿ ಹಗಲುರಾತ್ರಿ ಕೆಲಸ: ಪಟ್ಟಿ ಇಳಿಯುತ್ತದೆ, ಶ್ಯಾಕಲ್ ಬಿಚ್ಚುತ್ತದೆ, ಬಂಪರು, ವಿಂಚು, ತಲೆಯ ಮೇಲಿನ ದೀಪಗಳ ಸಾಲು ಎಲ್ಲ ಗೋಣಿಚೀಲದ ಮರೆಗೆ ಹೋಗುತ್ತವೆ. ಬೆಳಿಗ್ಗೆ ಹೊರಬಂದ ಜೀಪು ಕುಳ್ಳಗೆ, ಸಾಧುವಾಗಿ, ಅವನ ಅಪ್ಪನ ಕಾಲದಲ್ಲಿ ಇದ್ದಂತೆಯೇ ನಿಂತಿರುತ್ತದೆ. ಅಂದು ಅದು ಅಲುಗದೆ, ಹೊಗೆ ಬಿಡದೆ, ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗಿ ಹಾಸನ ಮುಟ್ಟಿ ವಾಪಸ್ಸು ಬರುತ್ತದೆ. ಈ ಸೂಕ್ಷ್ಮವನ್ನು ಊರಲ್ಲಿ ಎಲ್ಲರೂ ಗಮನಿಸಿದ್ದಾರೆ, ಜೀಪಣ್ಣನೊಬ್ಬನನ್ನು ಬಿಟ್ಟು. ಮೊನ್ನೆಯ ಎಫ್‌ಸಿಯಲ್ಲಿ ಇನ್‌ಸ್ಪೆಕ್ಟರು ಗಾಡಿಗೆ ಒಂದು ಪ್ರದಕ್ಷಿಣೆ ಬಂದು, ಕಾಗದ ಎಲ್ಲ ಸರಿಯಿದೆ ಎಂದು ಸಹಿ ಹಾಕಿ, ಹೋಗುವಾಗ ಅಂದರು: "ಗಾಡಿ ಇದೇ ಮೊದಲು ನೋಡಿದ್ದು. ಚಕ್ರ ಮಾತ್ರ ಎಲ್ಲೋ ನೋಡಿದ ನೆನಪು."

ಅಪರೂಪಕ್ಕೆ ಜೀಪಣ್ಣನ ದಿನವೂ ಬರುತ್ತದೆ. ಆಷಾಢದ ಮಳೆಯಲ್ಲಿ ಗೊಬ್ಬರದ ಲಾರಿಯೊಂದು ತಿರುವಿನಲ್ಲಿ ಹೂತುಕೊಂಡಿತ್ತು. ಟ್ರ್ಯಾಕ್ಟರು ಎಳೆದು ಸೋತು ನಿಂತಿತ್ತು. ಪುಣ್ಯಕ್ಕೆ ಅಂದು ಜೀಪಿನ ನಾಲ್ಕೂ ಚಕ್ರ ನೆಲದ ಮೇಲಿದ್ದವು. ಜೀಪಣ್ಣ ಬಂದವನು ಮಾತಾಡಲಿಲ್ಲ. ಟೈರಿನ ಗಾಳಿ ಅರ್ಧಕ್ಕೆ ಇಳಿಸಿದ, ಫೋರ್‌ವೀಲ್ ಹಾಕಿದ, ಲೋ ಲಿವರ್ ಎಳೆದ. ಲೋದಲ್ಲಿ ಚಕ್ರದ ಎಳೆತ ಸುಮಾರು ಎರಡೂವರೆ ಪಟ್ಟು ಏರುತ್ತದೆ, ವೇಗ ಅಷ್ಟೇ ಇಳಿಯುತ್ತದೆ. ಆಕ್ಸಿಲರೇಟರ್ ಮೇಲೆ ಹೆಬ್ಬೆರಳಷ್ಟೇ ಇಟ್ಟು, ತಲೆ ಹೊರಗೆ ಹಾಕಿ ಚಕ್ರವನ್ನೇ ನೋಡುತ್ತ, ಹಗ್ಗ ಬಿಗಿಯಾಗುವವರೆಗೆ ಇಂಚಿಂಚೇ ಸರಿದ. ಒಂದೂ ಚಕ್ರ ಸುಮ್ಮನೆ ಸುತ್ತಿ ಕೆಸರೆರಚಲಿಲ್ಲ. ಲಾರಿ ಒಮ್ಮೆ ನಿಟ್ಟುಸಿರಿಟ್ಟು ಮೇಲೆದ್ದು ಬಂತು. ಜನ ಚಪ್ಪಾಳೆ ಹೊಡೆದರು. ಜೀಪಣ್ಣ ಮಾತ್ರ ಕತ್ತು ವಾಲಿಸಿ ಎಂಜಿನ್ನಿಗೆ ಕಿವಿಗೊಟ್ಟು, "ಗೇರ್‌ಬಾಕ್ಸಲ್ಲಿ ಏನೋ ಸಣ್ಣ ಸೌಂಡು" ಅಂದ. ಅವನ ಮುಖದಲ್ಲಿ ಅಷ್ಟು ಕಳೆ ಬಂದದ್ದು ಚಪ್ಪಾಳೆಗಲ್ಲ, ಆ ಸೌಂಡಿಗೆ. ಮರುದಿನ ಗೇರ್‌ಬಾಕ್ಸು ಬೆಂಚಿನ ಮೇಲಿತ್ತು.

ಅಕ್ಕ ಈ ವಿಚಾರದಲ್ಲಿ ಜಗಳ ಬಿಟ್ಟು ಬಹಳ ಕಾಲವಾಯಿತು. ಸೊಸೈಟಿಗೆ, ಡೇರಿಗೆ, ಸಕಲೇಶಪುರದ ಸಂತೆಗೆ ಆಕೆ ಹೋಗುವುದು ತನ್ನದೇ ಸ್ಕೂಟರಿನಲ್ಲಿ. ಅದರ ಕೀಲಿಕೈ ಸೆರಗಿನ ಗಂಟಿನಲ್ಲಿರುತ್ತದೆ. ಒಮ್ಮೆ ಅದರ ಸೈಲೆನ್ಸರ್ ಕಡೆ ಜೀಪಣ್ಣ ಪ್ರೀತಿಯಿಂದ ನೋಡಿದ್ದನ್ನು ಆಕೆ ಕಂಡಿದ್ದಾಳೆ.

ಮೊನ್ನೆ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನೊಬ್ಬ ಜೀಪು ಕೊಳ್ಳಲು ಬಂದ. ಬಾಯಿಗೆ ಬಂದ ಬೆಲೆ ಕೊಡಲು ತಯಾರಿದ್ದ. ಜೀಪಣ್ಣ ಅವನನ್ನು ಶೆಡ್ಡಿನಲ್ಲಿ ಕೂರಿಸಿಕೊಂಡು ಜೀಪಿನ ದೋಷಗಳನ್ನು ಒಂದೊಂದಾಗಿ, ಪ್ರಾಯದ ಮಗನ ಬಗ್ಗೆ ಹೇಳುವ ಅಭಿಮಾನದಲ್ಲಿ, ವಿವರಿಸಿದ. ಕತ್ತಲಾಗುವ ಹೊತ್ತಿಗೆ ಹುಡುಗನೂ ಜೀಪಿನ ಕೆಳಗಿದ್ದ; ಹೊರಗೆ ನಾಲ್ಕು ಪಾದಗಳು. ಜೀಪು ಮಾರಾಟವಾಗಲಿಲ್ಲ. ಹುಡುಗ ಬೇರೆಲ್ಲಿಂದಲೋ ಇನ್ನೂ ಹಳೆಯದೊಂದನ್ನು ಹುಡುಕಿ ತಂದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಲ್ಲಿಸಿಕೊಂಡಿದ್ದಾನೆ, ದಿನಾ ರಾತ್ರಿ ಜೀಪಣ್ಣನಿಗೆ ಫೋನ್ ಹಚ್ಚುತ್ತಾನೆ.

ಹೋದ ವಾರ ಅದೇ ನಂಬರಿನಿಂದ ಅಕ್ಕನಿಗೆ ಫೋನ್ ಬಂತು. ಆ ಕಡೆ ಹುಡುಗನ ಹೆಂಡತಿ. ಪಾರ್ಸೆಲ್ಲಿನಲ್ಲಿ ಮಡ್ ಟೈರ್ ಬಂದಿದೆಯಂತೆ. "ಆಂಟಿ, ಇದೆಲ್ಲ ಎಷ್ಟು ದಿನಕ್ಕೆ ಮುಗಿಯುತ್ತೆ?" ಎಂದು ಕೇಳಿತು ಪಾಪ, ಅಳು ಒಂದು ಬಾಕಿ.

"ಸ್ಪೇರ್ ಸಿಗ್ತಾ ಇರೋವರೆಗೂ ಮುಗಿಯಲ್ಲಮ್ಮ" ಎಂದಳು ಅಕ್ಕ. "ಅದನ್ನ ಬಿಡು. ನಾಳೆನೇ ನಿನ್ನ ಹೆಸರಲ್ಲಿ ಒಂದು ಸ್ಕೂಟರ್ ತಗೋ. ಕೀ ಮಾತ್ರ ಅವನ ಕೈಗೆ ಕೊಡಬೇಡ."