ಚಿಕ್ಕಿ ತೋರಿಸುವ ಸರ್

ವಿಜಯಪುರ ಕಡೆಯ ಝಳಕಿಯಂಥ ಊರಲ್ಲಿ ದುರ್ಬೀನು ಇಟ್ಟುಕೊಂಡವನಿಗೆ ಜನ ಆಕಾಶ ನೋಡುವವ ಎನ್ನುತ್ತಾರೆ. ಹೆಸರು ತಪ್ಪಿದೆ. ಅವನು ನೋಡುವವನಲ್ಲ, ತೋರಿಸುವವನು. ಮದುವೆಮನೆ ಯಜಮಾನನ ಹಾಗೆ: ತಾನು ಉಂಡನೋ ಬಿಟ್ಟನೋ, ಪಂಕ್ತಿ ಏಳುವ ತನಕ ಬಡಿಸುವುದೇ ಚಟ. ಶನಿಯನ್ನು ನೂರು ಸಲ ನೋಡಿಯಾಗಿದೆ. ನೂರೊಂದನೇ ಸಲ ಅವನಿಗೆ ಬೇಕಾದದ್ದು ಶನಿಯ ಉಂಗುರವಲ್ಲ, ನೋಡಿದವರ ಬಾಯಿಂದ ಬೀಳುವ ‘ಅಬಾಬಾ’. ಬೇರೆಯವರು ಕೊಳವೆಗೆ ಕಣ್ಣಿಟ್ಟಾಗ ಬದಿಗೆ ನಿಂತು ಗಮನಿಸಿ: ಆಸಾಮಿಯ ದೃಷ್ಟಿ ಆಕಾಶದ ಮೇಲಿರುವುದಿಲ್ಲ, ಕಣ್ಣಿಟ್ಟವರ ಮಾರಿಯ ಮೇಲಿರುತ್ತದೆ.

ಬಡಿಸುವ ಕೆಲಸ ಸಲೀಸಲ್ಲ. ಮೋಟಾರಿಲ್ಲದ ದುರ್ಬೀನಿನಲ್ಲಿ ನೂರು ಪಟ್ಟು ದೊಡ್ಡದು ಮಾಡಿ ನೋಡಿದರೆ, ಭೂಮಿ ತಿರುಗುವ ರಭಸಕ್ಕೆ ಗ್ರಹ ಎರಡು ನಿಮಿಷದೊಳಗೆ ಆಚೆ ಜಾರಿ ಹೋಗುತ್ತದೆ. ‘ಲಗೂ ನೋಡ್ರಿ, ಹೊಂಟ!’ ಎಂದು ಇವನು ಕೂಗುತ್ತಿರುವಾಗಲೇ ಪಾಳಿಯಲ್ಲಿದ್ದವರು ಕೊಳವೆಯನ್ನು ಎಮ್ಮೆಯ ಕೋಡು ಹಿಡಿದ ಹಾಗೆ ಹಿಡಿಯುತ್ತಾರೆ. ಶನಿ ಮಾಯ. ಮತ್ತೆ ಬಗ್ಗಿ, ಮತ್ತೆ ಹುಡುಕಿ, ಮತ್ತೆ ತೋರಿಸಿದರೆ ಬರುವ ಪ್ರಶ್ನೆ: ‘ಇಷ್ಟ ಸಣ್ಣಾಂವೇನ್ರಿ ಸರ ಶನಿ? ಇವಗ ಹೆದರಿ ಏಳೂವರಿ ವರ್ಷ ಎಣ್ಣಿ ಸುರದೇವಲ್ರಿ!’ ಇವನು ಅದನ್ನೂ ಪಾಠಕ್ಕೆ ತಿರುಗಿಸುತ್ತಾನೆ. ಶನಿ ಸೂರ್ಯನ ಸುತ್ತ ಒಂದು ಸುತ್ತು ಬರಲು 29 ವರ್ಷದ ಮೇಲೆ ಬೇಕು, ಒಂದು ರಾಶಿಗೆ ಸುಮಾರು ಎರಡೂವರೆ, ಮೂರು ರಾಶಿಗೆ ಏಳೂವರೆ. ಸಾಡೇಸಾತಿಯ ಲೆಕ್ಕ ಅಷ್ಟೇ. ಆದರೆ 2025ರಲ್ಲಿ ಆ ಶನಿಯೇ ಇವನ ಮಾನ ಕಳೆದ. ಸುಮಾರು ಹದಿನೈದು ವರ್ಷಕ್ಕೊಮ್ಮೆ ಅವನ ಉಂಗುರ ನಮಗೆ ಬರೀ ಅಂಚು ತೋರಿಸುತ್ತದೆ. ಉಂಗುರದ ಆಸೆಗೆ ಬಂದವರಿಗೆ ಕಂಡದ್ದು ಗುಂಡಿಗೆ ಚುಚ್ಚಿದ ಸೂಜಿ.

ಬರೀ ತೋರಿಸುವವನಾದರೆ ಬೆಳಗಿನ ಜಾವ ಒಬ್ಬನೇ ಏಳುವುದೇಕೆ ಎಂದು ಕೇಳಬಹುದು. 2024ರ ಸೆಪ್ಟೆಂಬರ್ ಕೊನೆಗೆ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತು ನಸುಕಿನಲ್ಲಿ ಮೂಡಣಕ್ಕೆ ಬಂದಾಗ ಇಂಥವರೆಲ್ಲ ಒಬ್ಬೊಬ್ಬರೇ ಮಾಳಿಗೆ ಹತ್ತಿದ್ದು ನಿಜ. ಆದರೆ ಹೊತ್ತು ಹುಟ್ಟುವ ಮೊದಲೇ ಅದರ ಫೋಟೋ ಎಷ್ಟು ವಾಟ್ಸಾಪ್ ಗುಂಪುಗಳಲ್ಲಿ ಬಿದ್ದಿತ್ತು ಎಂದು ಎಣಿಸಿದರೆ ಅದು ಏಕಾಂತವಲ್ಲ, ಅಡಿಗೆಮನೆಯ ತಯಾರಿ ಎಂಬುದು ತಿಳಿಯುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಇಂಡಿ, ಸಿಂದಗಿ ಕಡೆಯ ರೈತನಿಗೆ ನಕ್ಷತ್ರ ತೋರಿಸಲು ಇವನ್ಯಾರು? ರೋಹಿಣಿ, ಮಿರಗ, ಆರಿದ್ರಾ ಎಂದು ಮಳೆಯನ್ನು ನಕ್ಷತ್ರದ ಹೆಸರಿನಲ್ಲೇ ಎಣಿಸುವವರು, ಹಸ್ತದ ಹದ ನೋಡಿ ಬಿಳಿಜೋಳ ಬಿತ್ತುವವರು ಅವರು. ಒಪ್ಪುವ ಮಾತೇ. ಆದರೆ ಜೂನ್ ತಿಂಗಳಲ್ಲಿ ಮಿರಗದ ಮಳೆ ಬರುವುದು ಸೂರ್ಯ ಮೃಗಶಿರಾ ನಕ್ಷತ್ರದಲ್ಲಿರುವಾಗ. ಎಂದರೆ ಆ ಚಿಕ್ಕಿ ಹಗಲು ಮೂಡಿ ಹಗಲೇ ಮುಳುಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಸರು ಹೇಳಿ ಬಿತ್ತಿದವನಿಗೆ ಅದರ ಮಾರಿ ಚೆನ್ನಾಗಿ ಕಾಣುವುದು ಅರ್ಧ ವರ್ಷ ಕಳೆದ ಮೇಲೆ, ಜೋಳ ತೆನೆಗಟ್ಟುವ ಚಳಿಯಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆ. ‘ನಿಮ್ಮ ಮಿರಗ ಇವನ ನೋಡ್ರಿ’ ಎಂದು ಇವನು ಬೆರಳು ಚಾಚಿದಾಗ, ತಲೆಮಾರುಗಳಿಂದ ಹೆಸರಷ್ಟೇ ಗೊತ್ತಿದ್ದ ಬೀಗರು ಮೊದಲ ಸಲ ಎದುರಾಬದುರಾಗುತ್ತಾರೆ. ಅದಕ್ಕೆ ದುರ್ಬೀನೂ ಬೇಕಿಲ್ಲ.

ಬೇಕಾದದ್ದು ಕತ್ತಲೆ. ಸೋಲಾಪುರ–ವಿಜಯಪುರ ಹೆದ್ದಾರಿಯ ಧಾಬಾ ದೀಪಗಳು ಚಂದ್ರ, ಗುರುವಿಗೆ ಅಡ್ಡಿಯಲ್ಲ. 25 ಲಕ್ಷ ಜ್ಯೋತಿರ್ವರ್ಷ ಆಚೆಯಿಂದ ಬರುವ ಆಂಡ್ರೊಮಿಡಾ ಗ್ಯಾಲಕ್ಸಿಯ ಮಬ್ಬು ಬೆಳಕನ್ನು ಮಾತ್ರ ಕೊನೇ ಫರ್ಲಾಂಗಿನಲ್ಲಿ ನುಂಗಿಬಿಡುತ್ತವೆ. ಇವನು ಹೋಗಿ ‘ಹತ್ತು ನಿಮಿಷ ಫೋಕಸ್ ಬಂದ್ ಮಾಡ್ರಿ’ ಎಂದು ಕೈಮುಗಿದರೆ ಧಾಬಾದವನು ಮಾಡುತ್ತಾನೆ, ಮೊದಲ ಪಾಳಿ ತನ್ನದಾದರೆ. ಇನ್ನು ಮೋಡ ಮುಚ್ಚಿದ ದಿನ? ಆಗಲೂ ಬಂದವರನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ‘ಆ ಮೋಡದ ಹಿಂದ ಗುರು ಅದಾನ’ ಎಂದು ತೋರಿಸುತ್ತಾನೆ. ಬಂದವರೂ ಕತ್ತೆತ್ತಿ ಮೋಡವನ್ನೇ ನೋಡಿ, ‘ಹೌದ್ರಿ ಸರ’ ಎನ್ನುತ್ತಾರೆ.