ಮಿಡಿಗೇಶಿ ಸೀಮೆಯವರು ಹಡಗು ಆರಿಸುವ ಕ್ರಮ

ವಿಹಾರದ ಹಡಗುಗಳ ಗಾತ್ರವನ್ನು ಗ್ರಾಸ್ ಟನ್ನಿನಲ್ಲಿ ಹೇಳುತ್ತಾರೆ. ಟನ್ನು ಎಂದೊಡನೆ ಹುಣಸೆಹಣ್ಣಿನ ಲಾರಿ ಕಣ್ಮುಂದೆ ಬರುವುದು ಸಹಜ. ಆದರೆ ಇದು ತೂಕವಲ್ಲ, ಹಡಗಿನ ಹೊಟ್ಟೆಯೊಳಗೆ ಎಷ್ಟು ಜಾಗವಿದೆ ಎಂಬುದರ ಅಳತೆ. ಈಗಿನ ಕಾಲದಲ್ಲಿ ಮೂವತ್ತು ಸಾವಿರದಿಂದ ಎಪ್ಪತ್ತು, ಎಂಬತ್ತು ಸಾವಿರ ಟನ್ನಿನವರೆಗೆ ಮಧ್ಯಮ ಗಾತ್ರವೆನ್ನಬಹುದು. ಅದರಾಚೆಯದು ಊರೇ. 2024ರಲ್ಲಿ ಯಾನ ಶುರುಮಾಡಿದ ‘ಐಕಾನ್ ಆಫ್ ದಿ ಸೀಸ್’ ಎರಡೂವರೆ ಲಕ್ಷ ಟನ್ನಿಗೆ ಹತ್ತಿರ, ಉದ್ದ 365 ಮೀಟರ್. ತುಂಬಿದಾಗ ಅದರಲ್ಲಿ ಏಳು ಸಾವಿರಕ್ಕೂ ಹೆಚ್ಚು ಪ್ರಯಾಣಿಕರಿರುತ್ತಾರೆ. ಅಷ್ಟು ಜನರ ಜೊತೆ ಸಾಲಿನಲ್ಲಿ ನಿಲ್ಲಲು ಸಮುದ್ರದವರೆಗೆ ಹೋಗಬೇಕಾಗಿಲ್ಲ. ಶ್ರಾವಣ ಶನಿವಾರ ಪಾವಗಡದ ಶನಿಮಹಾತ್ಮನ ಸನ್ನಿಧಿಗೆ ಹೋದರೆ ಸಾಕು.

ಮಿಡಿಗೇಶಿ, ಮಧುಗಿರಿ ತಾಲ್ಲೂಕಿನ ಒಂದು ಹೋಬಳಿ. ಸಮುದ್ರಕ್ಕೂ ಈ ಸೀಮೆಗೂ ಇರುವ ನಂಟು ಒಂದೇ: ಮಧುಗಿರಿಯ ಏಕಶಿಲಾ ಬೆಟ್ಟ ಸಮುದ್ರಮಟ್ಟದಿಂದ 3,930 ಅಡಿ ಎತ್ತರ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಆ ಮಟ್ಟ ಎಲ್ಲಿದೆ ಎಂದು ಯಾರೂ ಹೋಗಿ ನೋಡಿರುವುದಿಲ್ಲ. ಜಯಮಂಗಲಿ, ಸುವರ್ಣಮುಖಿ ನದಿಗಳು ವರ್ಷದ ಹೆಚ್ಚು ಕಾಲ ಮರಳು. ಕೆರೆ ಕೋಡಿ ಬಿದ್ದರೆ ಬಾಗಿನ ಕೊಟ್ಟು, ಹೋಳಿಗೆ ಊಟ ಹಾಕಿಸಿ, ಫೋಟೋ ತೆಗೆಸಿಕೊಳ್ಳುವ ಜನ ಇವರು. ಹೀಗಾಗಿ ಇವರಿಗೆ ಹಡಗಿನಲ್ಲಿ ಮೊದಲು ಬೇಕಾದದ್ದು ಕಣ್ತುಂಬ ನೀರು. ದೊಡ್ಡ ಹಡಗು ಸೋಲುವುದು ಇಲ್ಲಿಯೇ. ಅದರ ನಡುವೆ ಅಂಗಡಿ ಬೀದಿ, ಉದ್ಯಾನ, ಜಾರುಬಂಡೆ ಎಲ್ಲ ಉಂಟು. ಕೆಲವು ಕೋಣೆಗಳ ಕಿಟಕಿ ತೆರೆದುಕೊಳ್ಳುವುದೂ ಆ ಒಳಬೀದಿಯ ಕಡೆಗೇ. ಮಾಲ್ ನೋಡುವುದಾದರೆ ಮಧುಗಿರಿಯಿಂದ ಬೆಂಗಳೂರಿಗೆ ಬೇಕಾದಷ್ಟು ಬಸ್ಸುಗಳಿವೆ.

ಹಳೆಯದು, ಮಧ್ಯಮ ಗಾತ್ರದ್ದು ಎಂಬ ಎರಡು ಗುಣ ಕೂಡಿ ಈ ಸೀಮೆಯವರ ಕೈಗೆಟಕುವ ಹಡಗೆಂದರೆ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’. 48,563 ಟನ್ನು, 211 ಮೀಟರ್ ಉದ್ದ, ಎಂಟುನೂರರ ಆಸುಪಾಸು ಕೋಣೆ. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿ ರಾಯಲ್ ಕೆರಿಬಿಯನ್ ಕಂಪನಿ 1990ರಲ್ಲಿ ಓಡಿಸತೊಡಗಿದಾಗ ಇದರ ಹೆಸರು ‘ನಾರ್ಡಿಕ್ ಎಂಪ್ರೆಸ್’. 2004ರಲ್ಲಿ ‘ಎಂಪ್ರೆಸ್ ಆಫ್ ದಿ ಸೀಸ್’ ಆಯಿತು. 2008ರಲ್ಲಿ ಸ್ಪೇನಿನ ಪುಲ್‌ಮಂಟೂರ್ ಕಂಪನಿಗೆ ಹೋಗಿ ಬರಿಯ ‘ಎಂಪ್ರೆಸ್’ ಆಯಿತು. 2016ರಲ್ಲಿ ತವರಿಗೆ ಮರಳಿ ಹಿಂದಿನ ಹೆಸರನ್ನೇ ಹೊತ್ತುಕೊಂಡಿತು. ಮರುವರ್ಷ ಕ್ಯೂಬಾದ ಹವಾನಾಕ್ಕೆ ಯಾನ ಶುರುಮಾಡಲು ಕಂಪನಿ ಕಳುಹಿಸಿದ್ದು ತನ್ನ ದೊಡ್ಡ ಹಡಗುಗಳನ್ನಲ್ಲ, ಇದನ್ನು. ಆ ಬಂದರಿಗೆ ಹೊಂದುವ ಮೈಕಟ್ಟು ಇದರದ್ದಾಗಿತ್ತು. 2021ರ ಸೆಪ್ಟೆಂಬರಿನಿಂದ ಮುಂಬೈಯ ಪಾಲು. ಇಷ್ಟು ಮನೆ ಬದಲಿಸಿದರೂ ಮಹಾರಾಣಿ ಪಟ್ಟವನ್ನು ಮಾತ್ರ ಯಾರೂ ಕಿತ್ತುಕೊಂಡಿಲ್ಲ. ಪಾಳೆಯಗಾರರಿಂದ ಮೈಸೂರಿಗೆ, ಮೈಸೂರಿನಿಂದ ಮರಾಠರಿಗೆ, ಮತ್ತೆ ಮೈಸೂರಿಗೆ ಎಂದು ಕೈ ಬದಲಿಸಿದ ಈ ಸೀಮೆಯ ಕೋಟೆಗಳ ಕೆಳಗೆ ಬಾಳುವವರಿಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ.

ಹಡಗಿಗೆ ವಯಸ್ಸಾಗಿದೆ ಎಂಬುದು ದೋಷವೇ? 1948ರಲ್ಲಿ ‘ಸ್ಟಾಕ್‌ಹೋಮ್’ ಎಂಬ ಹೆಸರಿನಿಂದ ಕಡಲಿಗಿಳಿದು, 1956ರಲ್ಲಿ ‘ಆಂಡ್ರಿಯಾ ಡೋರಿಯಾ’ಕ್ಕೆ ಡಿಕ್ಕಿ ಹೊಡೆದು ಅದನ್ನು ಮುಳುಗಿಸಿದ ಹಡಗು, ಏನೂ ಆಗಿಲ್ಲವೆಂಬಂತೆ ಹೆಸರು ಬದಲಿಸಿಕೊಂಡು 2020ರವರೆಗೂ ಪ್ರವಾಸಿಗರನ್ನು ಸುತ್ತಾಡಿಸಿತು. ಇನ್ನೊಂದು ಕಡೆ, ಎಂಪ್ರೆಸ್‌ನ ಓರಗೆಯ, ಅದೇ 1990ರ ‘ಕರ್ಣಿಕಾ’ ಇತ್ತು. ವಾಸ್ತುಶಿಲ್ಪಿ ರೆಂಜೊ ಪಿಯಾನೊ ಡಾಲ್ಫಿನ್ನಿನ ಆಕಾರ ಕೊಟ್ಟು ರೂಪಿಸಿದ ಎಪ್ಪತ್ತು ಸಾವಿರ ಟನ್ನಿನ ಚೆಲುವೆ. 2019ರಲ್ಲಿ ಜಲೇಶ್ ಕಂಪನಿ ಇದನ್ನು ಮುಂಬೈಯಿಂದ ಓಡಿಸತೊಡಗಿತು. ಕೋವಿಡ್ ವರ್ಷದಲ್ಲಿ ಮುಳುಗಿದ್ದು ಹಡಗಲ್ಲ, ಕಂಪನಿ. ಹಡಗು ಗುಜರಾತಿನ ಅಲಂಗಿಗೆ ಹೋಗಿ ಗುಜರಿಯಾಯಿತು. ಆದ್ದರಿಂದ ಹುಟ್ಟಿದ ವರ್ಷ ಕೇಳಿ ಹೆದರುವುದಕ್ಕಿಂತ, ದನದ ಜಾತ್ರೆಯಲ್ಲಿ ಬಾಯಿ ಬಿಡಿಸಿ ಹಲ್ಲು ನೋಡುವಂತೆ, ಹಡಗು ಕೊನೆಯ ಬಾರಿ ರಿಪೇರಿಗೆಂದು ಡ್ರೈಡಾಕ್‌ಗೆ ಹೋಗಿದ್ದು ಯಾವಾಗ ಎಂದು ಕೇಳಬೇಕು. ಪ್ರಯಾಣಿಕ ಹಡಗಿನ ಸುರಕ್ಷತಾ ಪ್ರಮಾಣಪತ್ರಕ್ಕೆ ಆಯುಸ್ಸು ಒಂದೇ ವರ್ಷ, ಪ್ರತಿವರ್ಷ ತಪಾಸಣೆಯಾಗಲೇಬೇಕು. ಡ್ರೈಡಾಕ್‌ನಲ್ಲಿ ತಳ ಕೆರೆದು ಬಣ್ಣ ಹೊಡೆಯುವುದರ ಜೊತೆಗೆ ಹಾಸಿಗೆ, ನಲ್ಲಿ, ರತ್ನಗಂಬಳಿಗಳೂ ಹೊಸದಾಗುವುದುಂಟು. ಪ್ರವಾಸಿಗೆ ಮುಟ್ಟುವ ಲಾಭ ಅಷ್ಟು.

ಇನ್ನು ಕೋಣೆ. ಎಂಪ್ರೆಸ್ ಮೂರು ನಾಲ್ಕು ದಿನದ ಗಿಡ್ಡ ಯಾನಗಳಿಗೆಂದೇ ಕಟ್ಟಿದ ಹಡಗು; ಮೂರು ರಾತ್ರಿ ಮಲಗುವವರಿಗೆ ಜಾಗವೇಕೆ ಎಂಬುದು ಕಟ್ಟಿದವರ ತರ್ಕ. ಪೆಟ್ಟಿಗೆ ಬಿಚ್ಚುವವರು ಒಳಗಿದ್ದರೆ ಉಳಿದವರು ಹೊರಗಿರಬೇಕು. ಬಚ್ಚಲಿನ ಬಾಗಿಲಿಗೆ ಎತ್ತರದ ಹೊಸ್ತಿಲಿರುತ್ತದೆ, ಹಡಗು ಓಲಿದಾಗ ನೀರು ಕೋಣೆಗೆ ಹರಿಯದಿರಲೆಂದು. ನಗರದವರು ಇದನ್ನು ಎಡವುತ್ತಾರೆ. ಹೊಸ್ತಿಲು ತುಳಿಯಬಾರದೆಂದು ಬೈಸಿಕೊಂಡು ಬೆಳೆದವರು ತಾವಾಗಿಯೇ ದಾಟುತ್ತಾರೆ. ಕಕ್ಕಸಿನ ಗುಂಡಿ ಒತ್ತಿದರೆ ನೀರಿನ ಸದ್ದಿಲ್ಲ, ಗಾಳಿ ಎಳೆದುಕೊಳ್ಳುವ ಒಂದು ಭಾರಿ ಸೀತ್ಕಾರ. ಒಳಗಿರುವ ಅಜ್ಜನಿಗೆ ಇದನ್ನು ಮೊದಲೇ ತಿಳಿಸಿರುವುದು ಒಳ್ಳೆಯದು. ಹೊಯ್ದಾಟ ಕಡಿಮೆ ಬೇಕಾದವರು ಕೆಳಗಿನ ಅಂತಸ್ತಿನ ನಟ್ಟನಡುವಿನ ಕೋಣೆ ಹಿಡಿಯಬೇಕು. ಮೂತಿಯ ತುದಿಯಲ್ಲಿ ಏರಿಳಿತ ಹೆಚ್ಚು, ಹಿಂಬದಿಯಲ್ಲಿ ಎಂಜಿನ್ನಿನ ನಡುಕ. ನಕ್ಷೆ ನೋಡುವಾಗ ಕೋಣೆಯ ಸಂಖ್ಯೆಗಿಂತ ಅದರ ನೆತ್ತಿಯ ಮೇಲೇನಿದೆ ಎಂಬುದು ಮುಖ್ಯ. ಮೇಲೆ ಡಿಸ್ಕೋ ಇದ್ದರೆ ನಡುರಾತ್ರಿಯ ಮಾರಮ್ಮನ ತಮಟೆಗೆ ಪಳಗಿದ ಕಿವಿಗೂ ಕಷ್ಟ. ಬಾಲ್ಕನಿ ಇರುವ ಕೋಣೆಗಳು ಹಳೆಯ ಹಡಗುಗಳಲ್ಲಿ ಕಡಿಮೆ. ಇದನ್ನು ಕೊರತೆಯೆಂದು ಬರೆಯುವುದುಂಟು. ಬಾಲ್ಕನಿ ಇಲ್ಲದವರು ಡೆಕ್ಕಿಗೆ ಬರುತ್ತಾರೆ, ಕಟಾಂಜನ ಹಿಡಿದು ನಿಲ್ಲುತ್ತಾರೆ, ಪಕ್ಕದವರನ್ನು ಯಾವೂರು ಎಂದು ಕೇಳುತ್ತಾರೆ. ಕೊರತೆ ಎಲ್ಲಿಯದು?

ಹಡಗಿನಲ್ಲಿ ಕುಡಿಯುವ ನೀರು ಬರುವುದು ಸಮುದ್ರದಿಂದಲೇ. ಉಪ್ಪುನೀರನ್ನು ಕುದಿಸಿ ಆವಿಯಿಳಿಸುತ್ತಾರೆ, ಇಲ್ಲವೇ ಪೊರೆಯಲ್ಲಿ ಒತ್ತಿ ಸೋಸುತ್ತಾರೆ. ಫ್ಲೋರೈಡ್ ಕಾಟಕ್ಕೆ ಪಾವಗಡದ ಹಳ್ಳಿಗಳಲ್ಲಿ ಇಟ್ಟ ಶುದ್ಧ ನೀರಿನ ಘಟಕಗಳಲ್ಲಿ ನಡೆಯುವುದೂ ಈ ಎರಡನೆಯ ವಿಧಾನವೇ, ಅಲ್ಲಿ ಕಾಯಿನ್ ಹಾಕಬೇಕು, ಇಲ್ಲಿ ಮೊದಲೇ ಟಿಕೆಟ್ಟಿನಲ್ಲಿ ಸೇರಿಸಿರುತ್ತಾರೆ. ಊಟವೂ ಟಿಕೆಟ್ಟಿನೊಳಗೆ. ಸಸ್ಯಾಹಾರ, ಜೈನರ ಅಡುಗೆ ಎರಡೂ ದೊರೆಯುತ್ತವೆ. ಮುದ್ದೆ, ಉಪ್ಸಾರು ಕೇಳಬಾರದು. ಬುತ್ತಿ ಕಟ್ಟಿಕೊಂಡು ಹೋಗೋಣವೆಂದರೆ ಹೊರಗಿನ ಅಡುಗೆಯನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕಾಯಿಲ್ ಕೂಡ ಬೆಂಕಿಯ ಭಯದಿಂದ ಗೇಟಿನಲ್ಲೇ ಉಳಿಯುತ್ತವೆ. ದರವನ್ನು ಒಂದು ಕೋಣೆಗೆ ಇಬ್ಬರೆಂದು ಎಣಿಸಿ ತಲೆಗಿಷ್ಟು ಎಂದು ಹೇಳುತ್ತಾರೆ. ಒಂಟಿಯಾಗಿ ಹೋಗುವವರು ಇಲ್ಲದ ಜೊತೆಗಾರನ ದುಡ್ಡನ್ನೂ ಬಹುಮಟ್ಟಿಗೆ ತಾವೇ ಕೊಡಬೇಕು. ಬಂದರು ಶುಲ್ಕ, ಜಿಎಸ್‌ಟಿ, ಭಕ್ಷೀಸು ಸೇರಿದ ಮೇಲಿನ ಮೊತ್ತವನ್ನೇ ದರವೆಂದು ತಿಳಿಯುವುದು ಜಾಣತನ.

ಹೊರಡುವ ಮುನ್ನ ಕವಾಯತು ಇರುತ್ತದೆ. ಏಳು ಗಿಡ್ಡ, ಒಂದು ಉದ್ದ ಸೀಟಿ ಕೇಳಿದರೆ ಗೊತ್ತುಪಡಿಸಿದ ಜಾಗಕ್ಕೆ ಬರಬೇಕು. ಇದನ್ನು ತಪ್ಪಿಸಿಕೊಳ್ಳಬಾರದು, 2012ರಲ್ಲಿ ‘ಕೋಸ್ಟಾ ಕಾಂಕಾರ್ಡಿಯಾ’ ಇಟಲಿಯ ತೀರದಲ್ಲಿ ಬಂಡೆಗೆ ಬಡಿದಾಗ, ಅಂದೇ ಹತ್ತಿದ ನೂರಾರು ಮಂದಿಗೆ ಈ ಪಾಠ ಇನ್ನೂ ಆಗಿರಲಿಲ್ಲ. ಪಾವಗಡದ ಬಸ್ಸಿನಲ್ಲೇ ವಾಂತಿ ಮಾಡುವವರು ಅವೋಮಿನ್ ಮಾತ್ರೆಯನ್ನು ಹೊಟ್ಟೆ ತೊಳಸುವ ಮೊದಲೇ, ವೈದ್ಯರನ್ನು ಕೇಳಿ ನುಂಗಬೇಕು. ಯಾನ ಲಕ್ಷದ್ವೀಪಕ್ಕಾದರೆ, ಅಲ್ಲಿ ಹಡಗು ದೂರ ನಿಂತು ಸಣ್ಣ ದೋಣಿಯಲ್ಲಿ ಇಳಿಸುತ್ತದೆ, ಕಡಲು ಒರಟಾಗಿದ್ದರೆ ಇಳಿಸುವುದೇ ಇಲ್ಲ. ದ್ವೀಪವನ್ನು ಡೆಕ್ಕಿನಿಂದ ನೋಡಿ ಬರಲು ತಯಾರಿದ್ದವರು ಆ ದಾರಿ ಹಿಡಿಯಲಿ.

ಮುಂಬೈಗೆ ದಾರಿ ಸುಲಭ. ಮಿಡಿಗೇಶಿಯಿಂದ ಹಿಂದೂಪುರಕ್ಕೆ ಹೋಗಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಮಾರನೆಯ ದಿನ ಮುಂಬೈಯ ಸಿಎಸ್‌ಎಂಟಿ. ಅಲ್ಲಿಂದ ಹಡಗುಕಟ್ಟೆಯಿರುವ ಬಲ್ಲಾರ್ಡ್ ಪಿಯರ್ ಟ್ಯಾಕ್ಸಿಗೆ ಕೂತು ಏಳುವಷ್ಟು ದೂರ. ಕಷ್ಟವೆಂದರೆ ಕಾಲದ್ದು. ಮುಂಗಾರಿನಲ್ಲಿ ಪಡುವಣ ಕಡಲು ಕೆರಳಿರುತ್ತದೆ. ಅಕ್ಟೋಬರಿನಲ್ಲಿ ಅದು ಶಾಂತವಾಗುವ ಹೊತ್ತಿಗೆ ಇಲ್ಲಿ ಕಡಲೆಕಾಯಿ ಕೀಳುವ ಕೆಲಸ, ಬೆನ್ನಿಗೇ ರಾಗಿ ಕೊಯ್ಲು, ಆಮೇಲೆ ಅವರೆ. ಕಣ ಮುಗಿದು ಸಂಕ್ರಾಂತಿ ಕಳೆದ ಮೇಲಿನ ಫೆಬ್ರವರಿಯೇ ತಕ್ಕ ತಿಂಗಳು. ಅದರ ಮುಂದಿನದು ಮಾರ್ಚ್. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಒಂದು ಶೈಕ್ಷಣಿಕ ಜಿಲ್ಲೆ; ಮಾರ್ಚ್ ಎಂದರೆ ಅಲ್ಲಿ ಎಸ್ಸೆಸ್ಸೆಲ್ಸಿ. ಹತ್ತನೆಯ ತರಗತಿಯ ಮಗುವಿರುವ ಮನೆಯವರು ಆ ವರ್ಷ ಹಡಗಿನ ಮಾತೆತ್ತದಿರುವುದೇ ಕ್ಷೇಮ.