ಹೆಂಡತಿ ಎಂಬ ವ್ಯಸನಮುಕ್ತಿ ಕೇಂದ್ರ

ಕುಡಿತಕ್ಕೆ ನಮ್ಮ ಹಿರಿಯರು ಕಂಡುಹಿಡಿದ ಔಷಧ ಒಂದೇ: ಮದುವೆ. ಮಗರಾಯ ದಿನಾ ರಾತ್ರಿ ಗೋಡೆ ಹಿಡಿದುಕೊಂಡು ಮನೆ ಸೇರುತ್ತಾನೆಯೇ? ‘ಒಂದು ಮೂಗುದಾರ ಹಾಕಿ, ತಾನೇ ಸರಿಹೋಗ್ತಾನೆ.’ ಸರಿ, ಬಿ.ಎಡ್. ಮುಗಿಸಿದ, ಹಾಡು ಬರುವ, ತಲೆ ತಗ್ಗಿಸಿ ಕಾಫಿ ಕೊಡುವ ಹುಡುಗಿಯೊಬ್ಬಳು ಔಷಧವಾಗಿ ಮನೆಗೆ ಬರುತ್ತಾಳೆ. ಛತ್ರದ ಬಾಡಿಗೆಯಿಂದ ಹಿಡಿದು ಚಿಕಿತ್ಸೆಯ ಖರ್ಚೆಲ್ಲ ಅವಳ ಅಪ್ಪನದೇ. ಔಷಧವೇ ರೋಗಿಗೆ ದುಡ್ಡು ಕೊಡುವ ಆಸ್ಪತ್ರೆ ಜಗತ್ತಿನಲ್ಲಿ ಬೇರೆಲ್ಲೂ ಇರಲಾರದು.

ಔಷಧ ಫಲಿಸುತ್ತದೆ ಎನ್ನುವುದಕ್ಕೆ ಅಮೆರಿಕದಿಂದ ಪುರಾವೆಯೂ ಬಂತು. 2012ರಲ್ಲಿ ಸಮಾಜಶಾಸ್ತ್ರಜ್ಞೆ ಕೊರಿನ್ ರೆಜೆಕ್ ಮತ್ತು ಸಂಗಡಿಗರು, ಮದುವೆಯಾದ ಗಂಡಸರು ಕಡಿಮೆ ಕುಡಿಯುತ್ತಾರೆ ಎಂದು ತೋರಿಸಿದರು. ಅಡ್ಡಪರಿಣಾಮ ಮಾತ್ರ ಔಷಧಕ್ಕೇ! ಮದುವೆಯಾದ ಹೆಂಗಸರು ವಿಚ್ಛೇದಿತೆಯರಿಗಿಂತ, ವಿಧವೆಯರಿಗಿಂತ ಹೆಚ್ಚು ಕುಡಿಯುತ್ತಿದ್ದರು. ಒಂದು ಕಾರಣ, ಜೊತೆಗೆ ಕುಡಿಯುವ ಗಂಡ.

ನಮ್ಮಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕುಡಿಯುವ ಗಂಡಸರು ನೂರಕ್ಕೆ ಸುಮಾರು 19, ಹೆಂಗಸರು ಒಬ್ಬರಿಗಿಂತ ತುಸು ಹೆಚ್ಚು. ವಿಚಾರಣೆಯೆಲ್ಲ ಆ ಒಬ್ಬಳದೇ. ಕೈಯಲ್ಲಿ ಬಿಯರ್ ಗ್ಲಾಸು ಕಂಡರೆ ನೋಟ ನೆಟ್ಟಗೆ ಕೊರಳಿಗೆ ಹೋಗುತ್ತದೆ. ತಾಳಿ ಇಲ್ಲವೇ? ‘ಹೇಳೋರು ಕೇಳೋರು ಇಲ್ಲ.’ ಇದೆಯೇ? ‘ಗಂಡನಿಗೆ ಕೈಲಾಗಲ್ಲ.’ ಇತ್ತು, ಈಗಿಲ್ಲವೇ? ‘ಅದಕ್ಕೇ ಬಿಟ್ಟಿರಬೇಕು ಬಿಡಿ.’ ಕುಡಿಯುವವನು ಗಂಡಸಾದರೆ, ‘ಪಾಪ, ಆಫೀಸಲ್ಲಿ ಟೆನ್ಷನ್ನು.’

2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿಗೆ ನುಗ್ಗಿದವರು ಇಷ್ಟನ್ನೂ ವಿಚಾರಿಸಲಿಲ್ಲ. ಸಂಸ್ಕೃತಿ ಉಳಿಸಲು ಹುಡುಗಿಯರಿಗೆ ಹೊಡೆದೇಬಿಟ್ಟರು. ಅದರ ಬೆನ್ನಿಗೇ, ಫೆಬ್ರವರಿ 14ರಂದು ಜೋಡಿಯಾಗಿ ಕಂಡವರಿಗೆ ಮದುವೆ ಮಾಡಿಸುವುದಾಗಿ ಅದೇ ಗುಂಪು, ಶ್ರೀರಾಮ ಸೇನೆ, ಸಾರಿತು. ನೋಡಿ, ಮತ್ತೆ ಅದೇ ಔಷಧ!

ಅಜ್ಜಿಗೆ ಮಾತ್ರ ಈ ಕಾನೂನೆಲ್ಲ ಮಾಫಿ. ಜಗಲಿಯಲ್ಲಿ ಕಾಲು ಚಾಚಿ, ಎಲೆಚೀಲ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಚಿಟಿಕೆ ಹೊಗೆಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ದವಡೆಗೆ ಒತ್ತಿಕೊಳ್ಳುತ್ತಾಳೆ. ಮೊಮ್ಮಗಳ ಬಿಯರ್ ಸುದ್ದಿ ಕಿವಿಗೆ ಬಿದ್ದರೆ, ‘ಹೆಣ್ಮಕ್ಕಳು ಕೆಟ್ಟುಹೋದ್ವು’ ಎಂದು ಪಿಚಕ್ಕನೆ ಉಗುಳುತ್ತಾಳೆ. 2016-17ರ ತಂಬಾಕು ಸಮೀಕ್ಷೆಯಲ್ಲಿ ಬೀಡಿ, ಸಿಗರೇಟು ಸೇದುವ ಹೆಂಗಸರು ನೂರಕ್ಕೆ ಇಬ್ಬರು. ಹೊಗೆಯಿಲ್ಲದ ತಂಬಾಕಿನವರು ಸುಮಾರು 13. ಮಾನ ಹೋಗುವುದು ಹೊಗೆ ಎದ್ದರೆ ಮಾತ್ರ. ಬಾಯಿಯ ಕ್ಯಾನ್ಸರಿಗೆ ಅಂಥ ಮಡಿವಂತಿಕೆ ಇಲ್ಲ.

2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧ ಬೇಕೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಬಂದರು. ಔಷಧವೇ ಮುಷ್ಕರ ಹೂಡಿದಂತಾಯಿತು. ಸರ್ಕಾರ ಅಬಕಾರಿ ಲೆಕ್ಕ ನೋಡಿಕೊಂಡು ಸುಮ್ಮನಾಯಿತು. 2023-24ಕ್ಕೆ ಇಟ್ಟುಕೊಂಡ ಗುರಿ 36,000 ಕೋಟಿ ರೂಪಾಯಿ.

ಇನ್ನು ಮೇಲೆ ಗಂಡಿನವರು ಕೇಸರಿಬಾತು ಮೆಲ್ಲುತ್ತ ‘ಹುಡುಗಿಗೆ ಅಂಥಾ ಅಭ್ಯಾಸ ಏನೂ ಇಲ್ಲ ತಾನೆ?’ ಎಂದರೆ, ಹೆಣ್ಣಿನ ಅಪ್ಪ ಧೈರ್ಯವಾಗಿ ಹೇಳಬಹುದು: ‘ಸದ್ಯಕ್ಕೇನೂ ಇಲ್ಲ ಸ್ವಾಮಿ. ಅವಳಿಗಿನ್ನೂ ಮದುವೆಯಾಗಿಲ್ಲ.’